ಒಂದು ಹನಿಯೂ ಸೋರದ ಮಶೀನು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಮೊಳ ಕರಿದಾರ. ಆ ದಿನ ಹೊತ್ತು ಇಳಿಯುವ ತನಕ ಹೇಮಂತ ಹಾಗೆಂದೇ ನಂಬಿದ್ದ.

ಹಿಂದಿನ ದಿನ ಸಂಜೆ ತಂಬೂರು ಎಂಬ ಊರಿನ ಅವನ ಹೊಲಕ್ಕೆ ಅಂದಾನೆಪ್ಪ ಸಾವಕಾರರ ರೋಟಾವೇಟರ್ ಬಂದಿತ್ತು. ಹೆಂಟೆ ಒಡೆದು ಹೊಲವನ್ನು ಹಿಟ್ಟು ಮಾಡುವ ಈ ಮಶೀನನ್ನು ಹೇಮಂತ ತನ್ನ ಹಳೆಯ ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಬರುವಾಗ ಕಟ್ಟೆಯ ಮೇಲೆ ಕೂತವರೆಲ್ಲ ನೋಡಿದ್ದರು. ಅಷ್ಟು ಜನ ನೋಡಿದ ಮೇಲೆ ಕಣ್ಣು ತಾಗದೆ ಇರುತ್ತದೆಯೇ? ತಾಯಿ ಮಲ್ಲಕ್ಕ ಬೆಳಗಾಗುವುದರೊಳಗೆ ಹೊಲಕ್ಕೆ ನಡೆದು, ಲಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿದ ಕರಿದಾರವನ್ನು ಮಶೀನಿನ ಕೊರಳಿಗೆ ಕಟ್ಟಿಬಿಟ್ಟಳು. ಮಶೀನಿಗೆ ಕೊರಳು ಯಾವುದು ಎಂಬ ಅನುಮಾನವೇ ಅವಳಿಗೆ ಬರಲಿಲ್ಲ. ಟ್ರ್ಯಾಕ್ಟರಿನಿಂದ ಬಂದು ಗೇರ್ ಪೆಟ್ಟಿಗೆಯೊಳಗೆ ಹೋಗುವ ಕಬ್ಬಿಣದ ಶಾಫ್ಟು ಅವಳಿಗೆ ಎಮ್ಮೆಯ ಕೊರಳಿನ ಹಾಗೇ ಕಂಡಿತ್ತು. ಆ ಕೊರಳು ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಬೇರೆ ಯಾರದೋ ಮಶೀನಾಗಿದ್ದರೆ ಹೇಮಂತನೂ ಇಷ್ಟು ಹೆದರುತ್ತಿರಲಿಲ್ಲ. ಆದರೆ ಇದು ಮಶೀನಲ್ಲ, ಪರೀಕ್ಷೆ. ಹೇಮಂತನಿಗೆ ಮೂವತ್ತಮೂರು ತುಂಬಿತ್ತು. ಹೊಲ ಇತ್ತು, ಮನೆ ಇತ್ತು, ಚಟ ಇರಲಿಲ್ಲ. ಹೆಣ್ಣು ಕೊಡುವವರೂ ಇರಲಿಲ್ಲ. ಒಕ್ಕಲುತನ ಮಾಡುವ ಹುಡುಗ ಎಂದ ಕೂಡಲೇ ಹೆಣ್ಣಿನವರು ಚಹಾದ ಕಪ್ಪು ಕೆಳಗಿಡುತ್ತಿದ್ದರು. ಕೊನೆಗೆ ಬಾಜು ಊರಿನ ಅಂದಾನೆಪ್ಪ ಸಾವಕಾರರ ಮಗಳು ಅಮೃತಾ ಇವನನ್ನು ನೋಡಿ ಬೇಡ ಅನ್ನಲಿಲ್ಲ. ಬರೀ ಒಂದೇ ಪ್ರಶ್ನೆ ಕೇಳಿದ್ದಳು.

"ನಿಮಗ ಮಶೀನ್ ರಿಪೇರಿ ಬರತೈತೇನ್ರಿ?"

"ಅಗದಿ ಬರತೈತ್ರಿ," ಅಂದಿದ್ದ ಹೇಮಂತ. ಅವನಿಗೆ ಬರುತ್ತಿದ್ದದ್ದು ಸೈಕಲ್ಲಿನ ಚೈನು ಏರಿಸುವುದೊಂದೇ. ಆದರೆ ಅವಳು ಹಾಗೆ ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗ, ವಿಮಾನ ರಿಪೇರಿ ಬರುತ್ತದೆಯೇ ಅಂದಿದ್ದರೂ ಅವನು ಹೌದೆನ್ನುತ್ತಿದ್ದ.

ಸಾವಕಾರರು ಮಾತ್ರ ಸುಲಭದ ಆಸಾಮಿಯಲ್ಲ. ಹಿಂದೆ ಬಂದಿದ್ದ ಒಬ್ಬ ವರ ಊಟ ಮಾಡಿ ಕೈ ತೊಳೆದವನು ನಲ್ಲಿಯನ್ನು ಪೂರಾ ತಿರುವಿರಲಿಲ್ಲ. ಟಪ್ ಟಪ್ ಎಂದು ಹನಿ ಬೀಳುವುದನ್ನು ಸಾವಕಾರರು ಕಂಬಕ್ಕೆ ಒರಗಿ ಕೇಳುತ್ತ ಕೂತರು. ಆಮೇಲೆ ಎಲೆ ಅಡಿಕೆ ಕೊಟ್ಟು, "ಹೋಗಿ ಬರ್ರಿ," ಅಂದರು. ಅಷ್ಟೇ, ಆ ಸಂಬಂಧ ಮುಗಿಯಿತು. ಈ ಕತೆ ತಾಲೂಕಿಗೆಲ್ಲ ಗೊತ್ತಿತ್ತು. ಹೇಮಂತನಿಗೆ ಅವರು ಹೇಳಿದ್ದು ಇಷ್ಟು: "ಹೆಣ್ಣ ಕೊಡೂಕಿಂತ ಮೊದಲ ಮಶೀನ್ ಕೊಡತೇನಿ. ಒಂದ ದಿನ ದುಡಿಸಿಕೊಂಡು ಇದ್ದಂಗ ತಿರಿಗಿ ಕೊಡು. ಮಶೀನ್ ಸಂಭಾಳಿಸಿದಂವ ಮನೀನೂ ಸಂಭಾಳಿಸ್ತಾನ."

ಆ ಮುಂಜಾನೆ ಹೊಲವನ್ನು ಅರ್ಧಕ್ಕಿಂತ ಹೆಚ್ಚು ಹೊಡೆದು, ರೊಟ್ಟಿ ತಿನ್ನಲೆಂದು ಮನೆಗೆ ಬಂದ ಹೇಮಂತ, ಮಲ್ಲಕ್ಕ ಆಗಷ್ಟೇ ಸಗಣಿಯಿಂದ ಸಾರಿಸಿದ್ದ ಅಂಗಳದಲ್ಲಿ ಮಶೀನು ನಿಲ್ಲಿಸಿ ಎರಡು ತುತ್ತು ತಿನ್ನುವಷ್ಟರಲ್ಲಿ ಆ ಸದ್ದು ಕೇಳಿದ.

ಟಪ್.

ಅವನ ಕೈಯೊಳಗಿನ ರೊಟ್ಟಿ ಹಾಗೇ ನಿಂತಿತು. ಎದ್ದು ಬಂದು ಬಗ್ಗಿ ನೋಡಿದ. ಶಾಫ್ಟು ಪೆಟ್ಟಿಗೆಯೊಳಗೆ ಹೋಗುವ ಜಾಗದಲ್ಲಿ ಕಪ್ಪು ಎಣ್ಣೆ ಜಿನುಗುತ್ತಿತ್ತು. ನೆಲದ ಮೇಲೆ ರೂಪಾಯಿಯಗಲದ ಕಲೆ. ನೋಡುತ್ತ ನಿಂತಂತೆ ಅದು ಉತ್ತತ್ತಿಯಷ್ಟಾಯಿತು, ಆಮೇಲೆ ಹಪ್ಪಳದಷ್ಟಾಯಿತು. ಕರಿದಾರ ಕಾಣೆಯಾಗಿತ್ತು. ಅದರ ಒಂದು ತುದಿ ಮಾತ್ರ ಶಾಫ್ಟಿನ ಬುಡದಿಂದ ಇಲಿಯ ಬಾಲದ ಹಾಗೆ ಹೊರಗೆ ಇಣುಕುತ್ತಿತ್ತು.

"ಯವ್ವಾ!" ಎಂದು ಕೂಗಿದ. "ಇಲ್ಲಿ ದಾರ ಕಟ್ಟಿದವರು ಯಾರು?"

"ನಾನ ಕಟ್ಟೇನಿ," ಎಂದಳು ಮಲ್ಲಕ್ಕ ಒಳಗಿನಿಂದ. "ಕಣ್ಣ ಭಾಳ ಕೆಟ್ಟದ್ದು, ಹೇಮು."

ನಲ್ಲಿಯಿಂದ ನೀರು ತೊಟ್ಟಿಕ್ಕಿದ್ದಕ್ಕೇ ವರನನ್ನು ಓಡಿಸಿದವರು ಸಾವಕಾರರು. ಇದು ನೀರಲ್ಲ, ಎಣ್ಣೆ. ನಲ್ಲಿಯದಲ್ಲ, ಅವರದೇ ಮಶೀನಿನದು. ಸಂಜೆ ಮಶೀನು ನೋಡಲು ಅವರು ಬಂದು ಈ ಅಂಗಳದಲ್ಲಿ ನಿಂತು ಆ ಸದ್ದು ಕೇಳಿದರೆ ಅಮೃತಾ ಇನ್ಯಾರದೋ ಮನೆಗೆ ಹೋಗುತ್ತಾಳೆ.

ಕೂಗು ಕೇಳಿ ಬಾಜು ಮನೆಯ ಮೈಲಾರವ್ವ ಗೋಡೆಯ ಮೇಲಿಂದ ಇಣುಕಿದಳು. ಎಂಬತ್ತರ ಹತ್ತಿರದ ಮುದುಕಿ. ಯಾರ ಮನೆಯಲ್ಲಿ ಪಾತ್ರೆ ಬಿದ್ದರೂ ಅದು ಯಾವ ಪಾತ್ರೆ ಎಂದು ಹೇಳಬಲ್ಲಳು.

"ಸಾಬಾಣ ಮೆತ್ತಲೇ, ಸೋರೂದು ನಿಲ್ಲತೈತಿ," ಎಂದಳು.

ಹೇಮಂತ ಓಡಿಹೋಗಿ ಬಟ್ಟೆ ಒಗೆಯುವ ಸಾಬಾಣ ತಂದು ಮೆತ್ತಿದ. ಟಪ್ ಎಂದು ಬೀಳುತ್ತಿದ್ದ ಹನಿ ಈಗ ನೊರೆಯ ಸಮೇತ ಬೀಳತೊಡಗಿತು.

ಅಷ್ಟರಲ್ಲಿ ಹನಮಂತಪ್ಪ ಬಂದ. ಬಸ್ ಡಿಪೋದಲ್ಲಿ ವಾಚ್‌ಮನ್ ಆಗಿ ರಿಟಾಯರ್ ಆದವನು. ಜೀವಮಾನವಿಡೀ ಗೇಟಿನಲ್ಲಿ ಕೂತು ಬಸ್ಸು ನೋಡಿದ್ದರಿಂದ ಊರು ಅವನನ್ನು ಮೆಕ್ಯಾನಿಕ್ ಎಂದೇ ತಿಳಿದಿತ್ತು. ಅವನೂ ಅದನ್ನು ಅಲ್ಲಗಳೆದಿರಲಿಲ್ಲ. ಮಶೀನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಣ್ಣೆ ಮುಟ್ಟಿ ಮೂಸಿ ನೋಡಿ, "ಆಯಿಲ್ ಸೀಲ್ ಹೋಗೇತಿ," ಎಂದ.

ಅಪರೂಪಕ್ಕೆ ಅವನ ಮಾತು ಸರಿಯಿತ್ತು. ಶಾಫ್ಟು ಪೆಟ್ಟಿಗೆಯೊಳಗೆ ಹೋಗುವ ತೂತಿನಲ್ಲಿ ಬಳೆಯಂಥ ಒಂದು ರಬ್ಬರು ಕೂತಿರುತ್ತದೆ. ಒಳಗಿನ ಎಣ್ಣೆಯನ್ನು ಹೊರಗೆ ಬಿಡದೆ, ಹೊರಗಿನ ಧೂಳನ್ನು ಒಳಗೆ ಬಿಡದೆ ಬಾಗಿಲು ಕಾಯುವುದು ಅದರ ಕೆಲಸ. ತಾನೂ ಬಾಗಿಲು ಕಾದವನೇ ಆದ್ದರಿಂದ ಹನಮಂತಪ್ಪನಿಗೆ ಅದರ ಮೇಲೆ ವಿಶೇಷ ಅಭಿಮಾನವಿತ್ತು.

"ಹಳೇದು ಕಿತ್ತ ಒಯ್ಯಬೇಕು, ಹೊಸಾದು ತರಬೇಕು. ಮೊದಲ ಒಳಗಿನ ಎಣ್ಣಿ ಎಲ್ಲಾ ಇಳಿಸ್ಕೋ."

ಪೆಟ್ಟಿಗೆಯ ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆಯನ್ನೆಲ್ಲ ಒಂದು ತಗಡಿನ ಡಬ್ಬಿಗೆ ಇಳಿಸಿದರು. ಬೋಲ್ಟು ಮತ್ತೆ ಬಿಗಿದರು. ಶಾಫ್ಟಿನ ಜೋಡಣೆ ತೆಗೆದು, ಸ್ಕ್ರೂಡ್ರೈವರಿನಿಂದ ಮೀಟಿ ಸೀಲು ಕಿತ್ತರು. ಅದಕ್ಕೆ ಕರಿದಾರ ಸುತ್ತಿಕೊಂಡಿತ್ತು. ರಬ್ಬರಿನ ಅಂಚು ಅಲ್ಲಲ್ಲಿ ಹರಿದಿತ್ತು. ಹೇಮಂತ ಅದನ್ನು ಕಾಗದದಲ್ಲಿ ಸುತ್ತಿ ಕಿಸೆಗಿಟ್ಟುಕೊಂಡು, ಬೈಕು ಹತ್ತಿ ಕಲಘಟಗಿಯ ಕಡೆ ಹೊರಟ. ದಾರಿಯಲ್ಲಿ ಎದುರಿಗೆ ಬಂದ ಪ್ರತಿಯೊಂದು ಜೀಪೂ ಅವನಿಗೆ ಸಾವಕಾರರ ಜೀಪೇ ಆಗಿ ಕಂಡಿತು.

ಬಸ್ ಸ್ಟ್ಯಾಂಡಿನ ಹಿಂದೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಅಂಗಡಿಯ ಶಾಹಿದ್ ಹಳೆಯ ಸೀಲಿನ ಮೇಲಿನ ನಂಬರು ಒರೆಸಿ ನೋಡಿ, ಗೋಡೆಗೆ ನೇತುಹಾಕಿದ್ದ ನೂರೆಂಟು ಬಳೆಗಳೊಳಗಿಂದ ಒಂದನ್ನು ತೆಗೆದ. ಕೊಟ್ಟು ಸುಮ್ಮನಿರಬೇಕಲ್ಲ, ಅವನಿಗೆ ಮಾತಿನ ಚಟ.

"ನೋಡ್ರಿ ಅಣ್ಣಾರ, ಶಾಫ್ಟ್ ತಿರಗತೈತಿ, ಸೀಲ್ ತಿರಗಂಗಿಲ್ಲ. ಒಳಗ ಈ ತೆಳ್ಳಂದು ತುಟಿ ಐತಲ್ರಿ, ಇದು ಶಾಫ್ಟಿಗೆ ಹಗೂರಕ ಮುತ್ತ ಕೊಟ್ಕೋತ ಕುಂತಿರತೈತಿ. ತುಟಿ ಹಿಂದ ಈ ಸಣ್ಣ ಸ್ಪ್ರಿಂಗು, ಅದು ತುಟಿನ ಬಿಗಿ ಹಿಡದಿರತೈತಿ. ಭಾಳ ಒತ್ತಿದ್ರ ಸುಟ್ಟ ಹೊಕ್ಕೈತಿ, ಸಡ್ಲ ಬಿಟ್ರ ಸೋರತೈತಿ. ನಿಮ್ಮದು ಲಗ್ನ ಆಗೇತೇನ್ರಿ?"

"ಇನ್ನಾ ಇಲ್ರಿ," ಎಂದ ಹೇಮಂತ ಕಿವಿ ಕೆಂಪಗೆ ಮಾಡಿಕೊಂಡು.

"ಹಂಗಾರ ತಿಳಿಯೂದು ಸ್ವಲ್ಪ ತಡಾ ಆಕ್ಕೈತಿ. ಇರ್ಲಿ, ಒಂದ ಮಾತ ನೆಪ್ಪಿಟ್ಕೋರಿ. ತುಟಿ ಯಾವಾಗಲೂ ಎಣ್ಣಿ ಕಡೆ. ಉಲ್ಟಾ ಹಾಕಿದ್ರ ಎಣ್ಣಿ ತುಟೀನ ಎತ್ತಿ ಹೊರಗ ಬರತೈತಿ. ಇನ್ನೊಂದು, ಕಡೀಕ ಎಲ್ಲಾ ಆದ ಮ್ಯಾಲ..."

ಆಗ ಹೇಮಂತನ ಕಿಸೆಯಲ್ಲಿ ಫೋನು ಗುರ್ ಎಂದಿತು. ತೆರೆಯ ಮೇಲೆ ಸಾವಕಾರರ ಹೆಸರು.

"ಏನಪಾ, ಮಶೀನ್ ಹೆಂಗೈತಿ?"

"ಅಗದಿ ಚಲೋ ಐತ್ರಿ, ಸಾವಕಾರ್ರ."

"ಎಣ್ಣಿ ಗಿಣ್ಣಿ?"

ಇವರಿಗೆ ಹೇಗೆ ತಿಳಿಯಿತು? ಮೈಲಾರವ್ವನೇನಾದರೂ ಫೋನು ಮಾಡಿದಳೇ? "ಒಂದ ಹನಿ ಸುದ್ದಾ ಸೋರಿಲ್ರಿ!" ಎಂದುಬಿಟ್ಟ.



"ಒಂದ ಹನೀನೂ ಇಲ್ಲ?"

"ನಿಮ್ಮಾಣಿ ಇಲ್ರಿ."

"ಮುಂಜಾನಿಂದ ಹೊಡದೀ, ಒಂದ ಹನೀನೂ ಬಿದ್ದಿಲ್ಲ?" ಸಾವಕಾರರ ದನಿ ಗಡುಸಾಯಿತು. "ನಾ ಸಂಜಿಗೆ ಬರಾಂವ ಇದ್ದೆ. ಈಗ ಹುಬ್ಬಳ್ಳ್ಯಾಗ ಅದೇನಿ, ಲಗೂನ ಬರತೇನಿ."

ಫೋನು ಕಟ್ಟಾಯಿತು. ಹೇಮಂತ ಸೀಲು ಹಿಡಿದುಕೊಂಡು ಓಡಿದ. "ಅಣ್ಣಾರ, ಕಡೀಕ..." ಎಂದು ಶಾಹಿದ್ ಹಿಂದಿನಿಂದ ಕೂಗಿದ. ಅದನ್ನು ಕೇಳುವ ಸ್ಥಿತಿಯಲ್ಲಿ ಇವನು ಇರಲಿಲ್ಲ.

ದಾರಿಯುದ್ದಕ್ಕೂ ಹೇಮಂತ ಮಂತ್ರದಂತೆ ಒಂದನ್ನೇ ಜಪಿಸಿದ. ತುಟಿ ಎಣ್ಣಿ ಕಡೆ, ತುಟಿ ಎಣ್ಣಿ ಕಡೆ. ಎದುರಿಗೆ ಬಂದ ಪರಿಚಯದವರೊಬ್ಬರು ಆರಾಮೇನಪಾ ಅಂದರೆ, "ತುಟಿ ಎಣ್ಣಿ ಕಡೆ," ಎಂದೇ ಉತ್ತರ ಕೊಟ್ಟು ಮುಂದೆ ಹೋದ.

ಅಂಗಳದಲ್ಲಿ ಹನಮಂತಪ್ಪ ಸುತ್ತಿಗೆ ಹಿಡಿದು ಕಾಯುತ್ತಿದ್ದ. ಸೀಲನ್ನು ತಿರುಗಿಸಿ ಮುರುಗಿಸಿ ನೋಡಿದ.

"ಯಾವ ಕಡೆ ಹಾಕಬೇಕಂತ?"

"ತುಟಿ ಎಣ್ಣಿ ಕಡೆ ಅಂದಾರ, ಕಾಕಾ."

"ಎಣ್ಣಿ ಎಲ್ಲೈತಿ?"

ಹೇಮಂತ ಸುತ್ತ ನೋಡಿದ. "ಡಬ್ಬ್ಯಾಗ."

"ಡಬ್ಬಿ ಎಲ್ಲೈತಿ?"

"ಅಕಾ, ಗ್ವಾಡಿ ಕಡೆ. ಹೊರಗ."

"ಹಂಗಾರ ತುಟಿ ಹೊರಗ," ಎಂದು ಹನಮಂತಪ್ಪ ತೀರ್ಪು ಕೊಟ್ಟ.

ಹೇಮಂತನಿಗೆ ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. ಆದರೆ ಹುಬ್ಬಳ್ಳಿಯಿಂದ ಹೊರಟ ಜೀಪು ಒಂದೊಂದೇ ಊರು ದಾಟಿ ಬರುತ್ತಿರುವುದು ಅವನ ಕಣ್ಣೆದುರು ಕುಣಿಯುತ್ತಿತ್ತು. ಹೆದರಿಕೆ ತುಂಬಿದ ತಲೆಯಲ್ಲಿ ಅನುಮಾನಕ್ಕೆ ಜಾಗ ಎಲ್ಲಿಂದ ಬರಬೇಕು? ಸೀಲು ಇಟ್ಟು, ಮೇಲೆ ಕಟ್ಟಿಗೆಯ ತುಂಡು ಹಿಡಿದು ಸುತ್ತಲೂ ಸಮನಾಗಿ ಬಡಿದು ಕೂರಿಸಿದರು. ಶಾಫ್ಟು ಜೋಡಿಸಿದರು. ಹೇಮಂತ ಬೆವರು ಒರೆಸಿಕೊಂಡು ಅಂಗಳ ನೋಡಿದರೆ ಎಲ್ಲೆಂದರಲ್ಲಿ ಎಣ್ಣೆ. ಕಲೆ, ಚಿಂದಿ, ಕೈಗುರುತು.

"ಯವ್ವಾ, ಅಂಗಳದಾಗ ಎಣ್ಣಿ ಅನ್ನೂ ಸುಳಿವ ಇರಬಾರದು! ಮೂಸಿ ನೋಡಿದ್ರೂ ಗೊತ್ತಾಗಬಾರದು! ಎಲ್ಲಾ ತೆಗೀರಿ!" ಎಂದು ಕೂಗಿ, ಉಳಿದ ಹೊಲ ಮುಗಿಸಲು ಟ್ರ್ಯಾಕ್ಟರು ಹತ್ತಿ ಹೊರಟ.

ಮಲ್ಲಕ್ಕ ಸಗಣಿ ಕಲಸಿದಳು. ಮೈಲಾರವ್ವ ಸೀರೆ ಎತ್ತಿ ಕಟ್ಟಿ ಗೋಡೆ ಬಳಸಿ ಬಂದಳು. ಇಬ್ಬರೂ ಸೇರಿ ಅಂಗಳವನ್ನು ಕನ್ನಡಿ ಮಾಡಿದರು. ಇಂಥ ಹೊತ್ತಿನಲ್ಲಿ ನೆರೆಹೊರೆಯವರು ಹೀಗೆ ಕೈ ಜೋಡಿಸುವುದು ದೊಡ್ಡ ಮಾತೇ ಸರಿ.

ಹೊಲದಲ್ಲಿ ಮಶೀನು ಬೇರೆಯೇ ದನಿಯಲ್ಲಿ ಹಾಡುತ್ತಿತ್ತು. ಮುಂಜಾನೆ ಗುಂಯ್ ಎನ್ನುತ್ತಿದ್ದದ್ದು ಈಗ ಕರಕರ ಎನ್ನುತ್ತಿತ್ತು. ಬದುವಿನ ಮೇಲೆ ನಿಂತಿದ್ದ ಹನಮಂತಪ್ಪನನ್ನು ಕೇಳಿದರೆ, "ಹೊಸಾ ಸೀಲ್ ಅಲ್ಲೇನೋ? ಮೈ ಕೂಡಾಕ ಟೈಮ್ ಬೇಕು," ಎಂದ. ಪೆಟ್ಟಿಗೆ ಮುಟ್ಟಿದರೆ ಅಂಗೈ ಸುಟ್ಟಿತು. ಬಿಸಿಲೇ ಹಾಗಿದೆ ಎಂದುಕೊಂಡ ಹೇಮಂತ. ಎರಡು ಸಾಲಿಗೊಮ್ಮೆ ಇಳಿದು ಬಗ್ಗಿ ನೋಡುತ್ತಿದ್ದ. ಒಂದು ಹನಿ ಇಲ್ಲ! ಹೊಲ ಮುಗಿಸಿ ಬಂದು ಅಂಗಳದಲ್ಲಿ ನಿಲ್ಲಿಸಿದ. ಕೆಳಗೆ ಬಿಳಿ ಕಾಗದ ಹಾಸಿ ನೋಡಿದ. ಕಾಗದ ಬಿಳಿಯಾಗಿಯೇ ಉಳಿಯಿತು. ಮುಂಜಾನೆಯಿಂದ ಹಿಡಿದಿದ್ದ ಉಸಿರನ್ನು ಆಗ ಬಿಟ್ಟ.

ಜೀಪು ಬಂತು. ಮುಂದೆ ಸಾವಕಾರರು, ಬಾಜು ಅವರು ಊರಿಗೆ ಹೋಗಿ ಕರೆತಂದ ಅಮೃತಾ. ಸಾವಕಾರರು ಹೊಲ ಹೇಗಾಯಿತು ಎಂದು ಕೇಳಲಿಲ್ಲ. ಧೋತರ ಎತ್ತಿ ಹಿಡಿದು ಮಶೀನಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೆಲವನ್ನೇ ನೋಡಿದರು.

"ನಿಲ್ಲಿಸಿ ಎಷ್ಟೊತ್ತಾತು?"

"ಒಂದ ತಾಸ ಆತ್ರಿ."

"ಹನಿ ಎಲ್ಲಿ?"

"ಇಲ್ರಿ," ಎಂದ ಹೇಮಂತ. "ಒಂದೂ ಇಲ್ರಿ."

ಸಾವಕಾರರು ಎದ್ದು ನಿಂತರು. ಮುಖ ಕೆಂಡವಾಗಿತ್ತು. "ಎಂಟ ವರ್ಷದಿಂದ ಈ ಮಶೀನ್ ನನ್ನ ಅಂಗಳದಾಗ ದಿನಾ ಸೋರತೈತಿ! ಹನಿ ಬಿತ್ತಂದ್ರ ಹೊಟ್ಟ್ಯಾಗ ಎಣ್ಣಿ ಐತಿ, ಹನಿ ನಿಂತ್ರ ಎಣ್ಣಿ ಮುಗದೈತಿ. ಹನಿ ನಿಂತ ಕೂಡಲೆ ನಮ್ಮ ಅಮೃತಾ ಎಣ್ಣಿ ಹಾಕತಾಳ. ಒಂದ ಹನಿ ಇಲ್ಲಂತ ಫೋನಿನಾಗ ಹೇಳತೀ, ಮತ್ತ ಹಂಗ ಹೊಲ ಹೊಡೀತೀ! ಖಾಲಿ ಮಶೀನ್ ಓಡಿಸೀ ಏನಲೇ?"

ಹೇಮಂತನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೈಮೇಲಿನ ಮೂಟೆ ಇಳಿದಂತಾಯಿತು. ಎಂಟು ವರ್ಷದಿಂದ ಸೋರುತ್ತಿತ್ತು! ಕರಿದಾರದ ತಪ್ಪಲ್ಲ, ಅವ್ವನ ತಪ್ಪಲ್ಲ, ತನ್ನ ತಪ್ಪಲ್ಲವೇ ಅಲ್ಲ. ಮುಂಜಾನೆಯಿಂದ ಇಲ್ಲದ ಅಪರಾಧಕ್ಕೆ ಹೆದರಿ ಸತ್ತಿದ್ದೆನಲ್ಲ! ಅವನು ಜೀವನದಲ್ಲಿ ಮೊದಲ ಸಲ ಎದೆ ಸೆಟೆಸಿ, ಅಮೃತಾಳ ಕಡೆ ಒಮ್ಮೆ ನೋಡಿ, ನಕ್ಕ.

"ಎಣ್ಣಿ ಎಲ್ಲೂ ಹೋಗಿಲ್ರಿ, ಸಾವಕಾರ್ರ. ಸೀಲ್ ಹೋಗಿತ್ತು. ನಾನ ಕಿತ್ತು ಹೊಸಾದು ಹಾಕೇನಿ. ಒಳಗಿನ ಎಣ್ಣಿ ಒಳಗ ಐತಿ. ಬೇಕಾರ ಎಲ್ಲಾರ ಮುಂದ ಬಿಚ್ಚಿ ತೋರಸ್ತೇನಿ."

ಅಮೃತಾಳ ಕಣ್ಣು ಮಿನುಗಿದವು. ಆ ಒಂದು ಗಳಿಗೆ ಹೇಮಂತ ಮದುಮಗನೇ ಆಗಿದ್ದ. ಸ್ಪ್ಯಾನರು ತೆಗೆದುಕೊಂಡು ಪೆಟ್ಟಿಗೆಯ ಮೇಲಿನ ಬೋಲ್ಟು ಠೀವಿಯಿಂದ ಬಿಚ್ಚಿದ. ಒಳಗಿನಿಂದ ಸುಟ್ಟ ಕಬ್ಬಿಣದ ವಾಸನೆ ಬಂತು. ಜಾಲಿಯ ಕಡ್ಡಿಯೊಂದನ್ನು ತಳದ ತನಕ ಇಳಿಬಿಟ್ಟು ಮೇಲೆತ್ತಿದ.

ಕಡ್ಡಿ ಒಣಗಿತ್ತು.

ಮತ್ತೆ ಇಳಿಬಿಟ್ಟ. ಮತ್ತೆ ಒಣಗಿತ್ತು. ಆಗ ಅವನ ಕಣ್ಣು ತಾನಾಗಿ ಗೋಡೆಯ ಕಡೆ ಹೋಯಿತು. ಅಲ್ಲಿ ಇರಬೇಕಾದ ತಗಡಿನ ಡಬ್ಬಿ ಇರಲಿಲ್ಲ. ಇಳಿಸಿದ ಎಣ್ಣೆಯನ್ನು ತಿರುಗಿ ಹಾಕಿಯೇ ಇರಲಿಲ್ಲ. ಕಡೀಕ, ಕಡೀಕ ಎಂದು ಶಾಹಿದ್ ಕೂಗಿದ್ದು ಈಗ ಕಿವಿಗೆ ಕೇಳಿಸಿತು.

"ಹೇಮ್ಯಾ," ಎಂದು ಮೈಲಾರವ್ವ ಗೋಡೆಯ ಮೇಲಿಂದ ಸಂತೋಷದಿಂದ ಕರೆದಳು. "ಆ ಎಣ್ಣಿ ಭಾಳ ಚಲೋ ಐತಿ ನೋಡಪಾ. ಎಲ್ಲಾ ತೆಗೀರಿ ಅಂದೆಲ್ಲಾ, ಒಯ್ದು ನಮ್ಮ ಬಾಗಲ ಚೌಕಟ್ಟಿಗೆ ಹಚ್ಚಿದೆ. ಉಳಿದದ್ದು ಕಿಡಕಿಗೂ ಆತು. ಗೆದ್ದಲಿ ಇನ್ನ ಈ ಕಡೆ ಹಣಿಕಿ ಹಾಕಂಗಿಲ್ಲ."

ಎಲ್ಲರೂ ಆ ಕಡೆ ನೋಡಿದರು. ಇಳಿಬಿಸಿಲಿಗೆ ಮೈಲಾರವ್ವನ ಬಾಗಿಲು ಮಿರಮಿರ ಮಿಂಚುತ್ತಿತ್ತು. ಹನಮಂತಪ್ಪ ಮನೆಯಲ್ಲಿ ಏನೋ ಕೆಲಸ ನೆನಪಾಗಿ ಹೊರಟುಹೋದ.

ಸಾವಕಾರರು ಮಗಳಿಗೆ ಕೈ ಸನ್ನೆ ಮಾಡಿದರು. ಅಮೃತಾ ಜೀಪಿನಿಂದ ಎಣ್ಣೆಯ ಕ್ಯಾನು ತಂದು, ನುರಿತ ಕೈಯಿಂದ ಒಂದು ಹನಿಯೂ ಚೆಲ್ಲದ ಹಾಗೆ ಪೆಟ್ಟಿಗೆ ತುಂಬಿದಳು. ಹೇಮಂತ ಹೊಸ ಸೀಲಾದರೂ ತನ್ನ ಮಾನ ಉಳಿಸಲಿ ಎಂದು ಇದ್ದಬದ್ದ ದೇವರಿಗೆಲ್ಲ ಮನಸ್ಸಿನಲ್ಲೇ ಕಾಯಿ ಒಡೆದ.

ಟಪ್.

ಸಗಣಿ ಸಾರಿಸಿದ ನೆಲದ ಮೇಲೆ ಕಪ್ಪು ಹನಿ ಬಿತ್ತು. ಅದರ ಹಿಂದೆ ಇನ್ನೊಂದು. ಸಾವಕಾರರ ಮುಖ ಸಡಿಲಾಯಿತು. "ಹಾಂ, ಈಗ ಎಣ್ಣಿ ಐತಿ," ಎಂದರು. ಇದ್ದಂಗ ತಿರುಗಿ ಕೊಡು ಅಂದಿದ್ದರಲ್ಲ, ಇದ್ದ ಹಾಗೇ ಆಯಿತಲ್ಲ ಎಂದು ಹೇಮಂತನಿಗೆ ಸಣ್ಣ ಆಸೆ ಹುಟ್ಟಿತು. ಅಷ್ಟರಲ್ಲಿ ಸಾವಕಾರರು ತಾವೇ ಟ್ರ್ಯಾಕ್ಟರು ಹತ್ತಿ ಮಶೀನು ತಿರುಗಿಸಿದರು. ಒಳಗೆ ಯಾರೋ ಕಲ್ಲು ಜಗಿದಂಥ ಸದ್ದು. ಗೋಡೆಯ ಮೇಲಿದ್ದ ಮೈಲಾರವ್ವ ಕಿವಿ ಮುಚ್ಚಿಕೊಂಡಳು.

ಸಾವಕಾರರು ಇಳಿದು ಕೈ ಜಾಡಿಸಿದರು. "ಮಶೀನ್ ಇಲ್ಲೇ ಇರ್ಲಿ. ಮೊದಲಿನ ಸದ್ದು ಬರೂತನಕ ನನ್ನ ಬಾಗಲಕ್ಕ ಬರಬ್ಯಾಡ."

ಅಮೃತಾ ಜೀಪು ಹತ್ತುವ ಮೊದಲು ಶಾಫ್ಟಿನ ಬುಡವನ್ನು ಒಮ್ಮೆ ಬಗ್ಗಿ ನೋಡಿದಳು. ಆಮೇಲೆ ಹೇಮಂತನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು. "ಸೀಲ್ ಉಲ್ಟಾ ಹಾಕೀರಿ. ರಿಪೇರಿ ಅಗದಿ ಬರತೈತಿ ಅಂದಿದ್ರಿ."

ಜೀಪಿನ ಧೂಳು ಅಡಗಿತು. ಹೇಮಂತ ಕಟ್ಟೆಯ ಮೇಲೆ ಕುಸಿದು ಕೂತ. ಇನ್ನು ಹೆದರುವುದಕ್ಕೂ ಏನೂ ಉಳಿದಿರಲಿಲ್ಲ. ಮಲ್ಲಕ್ಕ ಒಳಗಿನಿಂದ ಬಂದಳು. ಕೈಯಲ್ಲಿ ಹೊಸ ಲಿಂಬೆಹಣ್ಣು, ಮೆಣಸಿನಕಾಯಿ, ಹೆಬ್ಬೆರಳು ದಪ್ಪದ ಕರಿ ಹಗ್ಗ.

"ನಾ ಅಂದಿದ್ದಿಲ್ಲ? ಕಣ್ಣ ಬಿದ್ದೈತಿ. ಒಂದ ಎಳಿ ದಾರ ಸಾಲಲಿಲ್ಲ. ಈ ಸಲ ಹಗ್ಗಾನ ಬಿಗಿಯಾಗಿ ಹೊಸೆದೇನಿ," ಎಂದು ಮಶೀನಿನ ಕೊರಳಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು.

ಬೇಡ ಅನ್ನಲು ಹೇಮಂತನಿಗೆ ತ್ರಾಣವಿರಲಿಲ್ಲ. ಮಶೀನಿನ ಕೆಳಗೆ ಟಪ್ ಎಂದಿತು. ಅವನು ಎದ್ದು ನೋಡಲಿಲ್ಲ. ಒಳಗೆ ಎಣ್ಣೆ ಇದೆ ಎಂಬುದು ಈಗ ಅವನಿಗೂ ಕೂತಲ್ಲೇ ಗೊತ್ತಾಗುತ್ತಿತ್ತು.